ಬಡವನಹಳ್ಳಿಯ ಕಲ್ಯಾಣಿಯಿಂದ ತಂದ ಸ್ಪಂಜು

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ವೈ.ಎನ್.ಹೊಸಕೋಟೆಯಲ್ಲಿ ವಿಜ್ಞಾನ ಶಿಕ್ಷಕಿಯಾದ ನಾನು ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಸರ್ಕಾರಿ ಬಸ್ಸಿನಲ್ಲಿ, ಶೂನ್ಯ ದರದ ಟಿಕೆಟ್ ಪಡೆದು, ಪ್ರಯಾಣ ಬೆಳೆಸಿದೆನು. ಕಾರಣವಿಷ್ಟೆ: ಸ್ಪಂಜು ಪ್ರಾಣಿಯೆಂದು ಪಾಠ ಮಾಡಿದಾಗ ನಾಗವೇಣಿ ಎಂಬ ವಿದ್ಯಾರ್ಥಿನಿ ಎದ್ದು, “ಬಾಯಿಲ್ಲ, ಹೊಟ್ಟೆ ಇಲ್ಲ, ಎದ್ದು ಓಡಲ್ಲ. ಅದೆಂಗೆ ಮೇಡಂ ಪ್ರಾಣಿ?” ಎಂದಳು. ತರಗತಿಯೇ ನಕ್ಕಿತು. ಜೀವಂತ ಸ್ಪಂಜು ತೋರಿಸುವೆನೆಂದು ಮಾತು ಕೊಟ್ಟೆ. ನಾನೂ ಅದನ್ನು ಕಂಡಿದ್ದು ಚಿತ್ರದಲ್ಲಿ ಮಾತ್ರ.

ಬಡವನಹಳ್ಳಿ ಸಮೀಪದ ಕಲ್ಯಾಣಿಯಲ್ಲಿ ನವೆ ಬರಿಸುವ ಪಾಚಿ ಇದೆಯೆಂದು ಸಹೋದ್ಯೋಗಿಯೊಬ್ಬರು ತಿಳಿಸಿದ್ದರು; ನವೆ ಬರಿಸುವುದಾದರೆ ಅದು ಸ್ಪಂಜೇ ಇರಬಹುದೆಂದು ನನ್ನ ಊಹೆ. ಪಾವಗಡ, ಮಧುಗಿರಿಗಳಲ್ಲಿ ಬಸ್ಸು ಬದಲಿಸಿ, ಇಡ್ಲಿ ತಿಂದು, ಹನ್ನೊಂದಕ್ಕೆ ಅಲ್ಲಿಗೆ ತಲುಪಿದೆ. ನೀರಿನೊಳಗಿನ ಮೆಟ್ಟಿಲಿಗೆ ಹಸಿರು ಪದರ ಅಂಟಿತ್ತು. ಮೈತುಂಬ ಸಣ್ಣ ರಂಧ್ರಗಳು. ಸ್ಪಂಜೇ!

ಬಟ್ಟೆ ಒಗೆಯುತ್ತಿದ್ದ ಸಣ್ಣಮ್ಮನೆಂಬ ವೃದ್ಧೆಯೊಬ್ಬರು ಕೂಗಿದರು: “ಮುಟ್ಬ್ಯಾಡ ಕಣಮ್ಮ, ನವೆ ಹತ್ತೈತೆ!”

“ಇದರ ಮೈಯಲ್ಲಿ ಗಾಜಿನಂಥ ಸೂಜಿಗಳಿವೆ ಅಜ್ಜಿ. ಇದು ಪ್ರಾಣಿ.”

“ಬುಡು ಬುಡು! ಅಂಗಾರೆ ನಾನು ದಿನಾ ಪ್ರಾಣಿ ಹಾಕಿ ಚೆಂಬು ತಿಕ್ತೀನಾ?”

ನೀರಿಳಿದ ಮೇಲ್ಮೆಟ್ಟಿಲುಗಳಲ್ಲಿ ಒಣಗಿದ ಪದರವನ್ನು ಚಿಪ್ಪಿನಿಂದ ಪುಡಿಯಾಗಿ ಕೆರೆದು ಹಿತ್ತಾಳೆ ಬೆಳಗಲು ಇಟ್ಟುಕೊಳ್ಳುವುದು ಅಲ್ಲಿನ ಹೆಂಗಸರ ವಾಡಿಕೆ. ಸಣ್ಣಮ್ಮನವರು ಒಂದು ಹಿಡಿ ಪುಡಿಯನ್ನು ಪೇಪರಿನಲ್ಲಿ ಕಟ್ಟಿಕೊಟ್ಟರು. ಬೇಡವೆನ್ನಲಾಗದೆ ಬ್ಯಾಗಿಗೆ ಹಾಕಿ, ಹಸಿರು ತುಂಡನ್ನು ನೀರಿನೊಡನೆ ಟಿಫನ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿದೆ.

ಅದೇ ನನ್ನ ತಪ್ಪು. ಸ್ಪಂಜಿನ ಒಳಗೋಡೆಯ ಜೀವಕೋಶಗಳು ಚಾಟಿಯಂಥ ಎಳೆ ಬೀಸಿ ನೀರೆಳೆದು, ಅದರಿಂದಲೇ ಉಸಿರನ್ನೂ ಆಹಾರವನ್ನೂ ಪಡೆಯುತ್ತವೆ. ಮುಚ್ಚಿದ ಡಬ್ಬಿ, ಮಧ್ಯಾಹ್ನದ ಬಿಸಿಲು! ಶಿರಾ ಮಾರ್ಗವಾಗಿ ಹಿಂದಿರುಗುತ್ತ ಶಿರಾ ಸೇರುವಷ್ಟರಲ್ಲಿ ಕಂಡಕ್ಟರ್ ಮೂಗು ಮುಚ್ಚಿ, “ಮೀನೇನ್ರಮ್ಮ?” ಎಂದರು. ಸ್ಪಂಜು ಸತ್ತು ನಾರುತ್ತಿತ್ತು; ಬಸ್ ನಿಲ್ದಾಣದ ಪಕ್ಕದ ಮರದಡಿ ಡಬ್ಬಿ ಖಾಲಿ ಮಾಡಿದೆ. ಕಣ್ಣೀರು ಬಂತು.

ಪಾವಗಡದ ಬಸ್ಸಿನಲ್ಲಿ ಪೇಪರ್ ಪೊಟ್ಟಣ ಬಿಚ್ಚಿಕೊಂಡಿತು. ಪುಡಿಯ ನಡುವೆ ಗಸಗಸೆಯಂಥ ಕಾಳುಗಳು! ನೀರು ಬತ್ತುವ ಮುನ್ನ ಸ್ಪಂಜು ಕೆಲವು ಜೀವಕೋಶಗಳನ್ನು ಗಟ್ಟಿ ಕವಚದಲ್ಲಿಟ್ಟು ಮಲಗಿಸುತ್ತದೆಂದು ನಾನೇ ಓದಿದ್ದೆ. ಯಾವ ಅಂಗವೂ ಇಲ್ಲದ ಆ ಜೀವಕೋಶಗಳೇ ಮತ್ತೆ ಪೂರ್ಣ ಸ್ಪಂಜಾಗಬಲ್ಲವು.

ಸೋಮವಾರ ತರಗತಿಯಲ್ಲಿ ಆ ಕಾಳುಗಳನ್ನು ಗಾಜಿನ ಪಾತ್ರೆಯ ನೀರಿಗೆ ಹಾಕಿ, ಎರಡು ವಾರಗಳ ಕಾಲಾವಕಾಶ ಕೋರಿದೆ. “ಕಾಳು ನೆನೆ ಹಾಕಿದ್ರೆ ಮೊಳಕೆ ಬರ್ತದೆ ಮೇಡಂ, ಪ್ರಾಣಿ ಬರ್ತದಾ?” ಎಂದಳು ನಾಗವೇಣಿ. ಆದರೂ ದಿನವೂ ಬಾವಿನೀರು ಬದಲಿಸಿದವಳು ಅವಳೇ.

ಹನ್ನೊಂದನೇ ದಿನ ಗಾಜಿಗೆ ಬಿಳಿ ಚುಕ್ಕೆಗಳು ಅಂಟಿದ್ದವು. ಪಕ್ಕದಲ್ಲಿ ಒಂದು ಹನಿ ಶಾಯಿ ಬಿಟ್ಟೆ. ಚುಕ್ಕೆಯೊಂದು ಅದನ್ನು ಒಳಗೆಳೆದು, ನೆತ್ತಿಯ ರಂಧ್ರದಿಂದ ತೆಳುವಾಗಿ ಹೊರಬಿಟ್ಟಿತು. ಮಸೂರ ಹಿಡಿದ ನಾಗವೇಣಿ ಪಿಸುಗುಟ್ಟಿದಳು: “ಅಬ್ಬಾ! ಬಾಯಿಲ್ದೇನೇ ಕುಡೀತೈತೆ ಮೇಡಂ!”

ಸಣ್ಣಮ್ಮನವರ ಪುಡಿ ಇನ್ನೂ ಅರ್ಧ ಉಳಿದಿದೆ. ಅದರಿಂದ ಚೆಂಬು ತಿಕ್ಕಲು ಮನಸ್ಸು ಬಾರದ ಕಾರಣ, ನಮ್ಮ ಮನೆಯ ಹಿತ್ತಾಳೆ ಇಂದಿಗೂ ಕಪ್ಪಾಗಿಯೇ ಇದೆಯೆಂದು ಒಪ್ಪಿಕೊಳ್ಳುತ್ತೇನೆ.