ಎಲೆನಿಯ ಗೋಧಿ, ಇಕಾರೊಸ್‌ನ ಕಲ್ಲು

ಬಾಗಿಲು ತೆರೆದರೆ ಎದುರಿಗೆ ಸಕ್ಕರೆ ಹೊದ್ದ ತಟ್ಟೆ. ಮೇಲೆ ಬೆಳ್ಳಿ ಬಣ್ಣದ ಮಿಠಾಯಿ ಗುಂಡುಗಳನ್ನು ಒತ್ತಿ ‘ಎಸ್’ ಎಂದು ಬರೆದಿತ್ತು. ಅದು ನನ್ನ ಗಂಡ ಶಿವಣ್ಣನ ಹೆಸರಿನ ಮೊದಲಕ್ಷರ. ಅವರು ಹೋಗಿ ಆವತ್ತಿಗೆ ನಲವತ್ತು ದಿನ. ದಾವಣಗೆರೆ ಹತ್ತಿರದ ನಮ್ಮೂರಿನ ಮಣ್ಣಿಗೆ ಅವರನ್ನು ಒಪ್ಪಿಸಿ, ಸಾಮಾನು ಕಟ್ಟಲೆಂದಷ್ಟೇ ನಾನು ಕುವೈತಿಗೆ ಮರಳಿದ್ದೆ.

ತಟ್ಟೆ ಹಿಡಿದಿದ್ದವಳು ಮೇಲಿನ ಮಹಡಿಯ ಎಲೆನಿ. ಗ್ರೀಸಿನ ಇಕಾರಿಯಾ ಎಂಬ ದ್ವೀಪದವಳು, ಹೊಲಿಗೆ ಕೆಲಸದ ವಿಧವೆ. ಸಾವಿನ ಮನೆಗೆ ಹುಟ್ಟುಹಬ್ಬದ ಕೇಕೇ? ನನಗೆ ಮೈಯೆಲ್ಲ ಉರಿಯಿತು. ಬೇಡವೆಂದು ಕೈಯಲ್ಲಾಡಿಸಿದೆ. ಅವಳು ಮೆಲ್ಲಗೆ, “ಮತ್ತೆ ಬರ್ತೀನಿ, ಹಬೀಬ್ತಿ” ಎಂದಳು, ಅರಬ್ಬಿಯಲ್ಲಿ ಮುದ್ದಾಗಿ ಕರೆದು. ಸಾವಾದ ಮನೆಯಿಂದ ಹೊರಡುವವರು ನಮ್ಮಲ್ಲಿ ‘ಬರ್ತೀನಿ’ ಅನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ. ಊರಲ್ಲಿ ಎಲ್ಲರೂ ಹಾಗೆಯೇ ಎದ್ದು ಹೋಗಿದ್ದರು. ನಾನು ಬಾಗಿಲು ಹಾಕಿಕೊಂಡೆ.

ಕೆಳಗಿನ ಮನೆಯ ಲಿಲ್ಲಿಬಾಯಿ ಮಂಗಳೂರಿನವರು. ಸಂಜೆ ಬಂದು ಬೈದರು.

“ಎಂತ ಮಾರಾಯ್ತಿ, ಅದು ಕೇಕಲ್ಲ, ಬೇಯಿಸಿದ ಗೋಧಿ! ಸತ್ತವರ ಹೆಸರಲ್ಲಿ ಹಂಚುವುದಂತೆ. ಬೆಳಗಿನಿಂದ ಒಲೆ ಎದುರು ನಿಂತಿದ್ದಾಳೆ ಪಾಪ.”

“ಗೋಧಿನಾ? ನಮ್ಮಲ್ಲಿ ಗೋಧಿ ಹುಗ್ಗಿ ಅಂದ್ರೆ ಮದುವೆ ಊಟ ಕಣ್ರೀ.”

“ನಿಮ್ಮ ಮದುವೆ ಊಟ ಅವಳಿಗೆ ಗೊತ್ತುಂಟಾ?”

ಮರುದಿನ ಎಲೆನಿ ಮತ್ತೆ ಬಂದಳು. ಹೇಳಿದಂತೆ ಮರಳಿ ಬಂದವಳು ಅವಳೊಬ್ಬಳೇ. ಆ ತಿನಿಸಿಗೆ ಕೊಲಿವಾ ಎಂದು ಹೆಸರು. ಸಕ್ಕರೆಯಡಿ ಗೋಧಿ, ದ್ರಾಕ್ಷಿ, ದಾಳಿಂಬೆ ಕಾಳು. “ಕಾಳು ಮಣ್ಣಿಗೆ ಹೋಗ್ತದೆ, ಆಮೇಲೆ ಮೇಲೆ ಬರ್ತದೆ, ಅಷ್ಟೇ,” ಎಂದಳು ಅರಬ್ಬಿ ಬೆರೆತ ಇಂಗ್ಲಿಷಿನಲ್ಲಿ. ಶಿವಣ್ಣ ಹೋದ ಮೇಲೆ ನನ್ನ ನಾಲಿಗೆಗೆ ರುಚಿ ತಿಳಿದದ್ದು ಅಂದೇ. ಅತ್ತುಕೊಂಡೇ ತಟ್ಟೆಯ ಅರ್ಧ ತಿಂದೆ.

ಆಮೇಲೆ ಅವಳ ಮಾತು ಕೇಳುವುದೇ ನನಗೆ ಔಷಧಿಯಾಯಿತು. ವೈದ್ಯರಿಗೆಲ್ಲ ಗುರುವಾದ ಹಿಪ್ಪೋಕ್ರಟಿಸ್ ಕೋಸ್ ದ್ವೀಪದವನು. ಲೆಕ್ಕದ ಪೈಥಾಗೊರಸ್ ಪಕ್ಕದ ಸಾಮೋಸ್‌ನವನು ಎನ್ನುತ್ತಿದ್ದಳು. “ನಿಮ್ಮ ಇಕಾರಿಯಾದವರು ಯಾರು?” ಎಂದೆ. “ನಮ್ಮ ಕಡಲಿಗೆ ಇಕಾರೊಸ್ ಅಂತ ಒಬ್ಬ ಹುಡುಗ ಬಿದ್ದ. ಮೇಣದ ರೆಕ್ಕೆ ಕಟ್ಕೊಂಡು ಸೂರ್ಯನ ಹತ್ರ ಹಾರಿದ್ದ. ಬೀಳೋದಕ್ಕೂ ನಮ್ಮೂರೇ ಬೇಕಿತ್ತು ನೋಡು!” ಎಂದು ನಕ್ಕಳು. ನಾನೂ ನಕ್ಕೆ. ನಕ್ಕೆನಲ್ಲಾ ಎಂದು ಭಯವೂ ಆಯಿತು.

ಅಹ್ಮದಿಯಲ್ಲಿ ಕೆಲಸದಲ್ಲಿದ್ದ ಶಿವಣ್ಣ ಒಮ್ಮೆ ಜೊತೆಗಾರರೊಂದಿಗೆ ಕುವೈತಿನದೇ ಆದ ಫೈಲಕಾ ದ್ವೀಪ ನೋಡಿ ಬಂದಿದ್ದರು. “ಲೇ, ಇಲ್ಲೂ ಗ್ರೀಕರ ಕಲ್ಲು ಅದಾವೆ ಕಣೆ. ಒಂದ್ಸಲ ಕರ್ಕೊಂಡು ಹೋಗ್ತೀನಿ ತಡಿ,” ಎನ್ನುತ್ತಿದ್ದರು. ಇದನ್ನು ಹೇಳಿದ್ದೇ ತಡ, ಎಲೆನಿ “ಯಲ್ಲಾ, ನಡಿ ಹೋಗೋಣ!” ಎಂದು ಎದ್ದಳು. ಊರಿನ ಟಿಕೆಟ್ ನನ್ನ ಚೀಲದಲ್ಲಿತ್ತು. ನಾನು ಆಯಾ ಆಗಿದ್ದ ಶಾಲೆಯವರು, ನಿಲ್ಲುವುದಾದರೆ ಇಕಾಮಾ, ಅಂದರೆ ವಾಸದ ಪರವಾನಗಿ, ಮುಂದುವರಿಸುತ್ತೇವೆ ಎಂದಿದ್ದರು. ಉತ್ತರ ಕೊಟ್ಟಿರಲಿಲ್ಲ. ಆ ಶುಕ್ರವಾರ ಲಿಲ್ಲಿಬಾಯಿಯೂ ಸೇರಿ ಮೂವರೂ ಫೈಲಕಾದ ದೋಣಿ ಹತ್ತಿದೆವು.

ತೊಂಬತ್ತರ ಯುದ್ಧದಲ್ಲಿ ಜನ ಬಿಟ್ಟುಹೋದ ಮನೆಗಳ ಗೋಡೆಯಲ್ಲಿ ಗುಂಡಿನ ತೂತುಗಳಿದ್ದವು. ಅವುಗಳ ಆಚೆ ಗ್ರೀಕರ ಗುಡಿಯ ತಳಪಾಯ, ಮೊಣಕಾಲೆತ್ತರದ ಕಲ್ಲುಸಾಲು. ನಮ್ಮ ಕಡೆಯ ಗುಡಿಗಳನ್ನು ಕಂಡ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಎಲೆನಿ ಒಂದು ಕಲ್ಲಿನ ಮೇಲೆ ಅಂಗೈಯಿಟ್ಟು ಕೂತುಬಿಟ್ಟಳು.

“ಅಲೆಕ್ಸಾಂಡರ್ ಇದಕ್ಕೆ ಇಕಾರೊಸ್ ಅಂತ ನಮ್ಮ ದ್ವೀಪದ ಹಳೇ ಹೆಸರೇ ಇಡಿಸಿದ. ತಾನು ನೋಡ್ಲೇ ಇಲ್ಲ, ಬ್ಯಾಬಿಲೋನಿನಲ್ಲೇ ಸತ್ತ. ಇಲ್ಲಿದ್ದ ಗ್ರೀಕ್ ಸಿಪಾಯಿ ಹುಡುಗರೂ ಮನೆ ನೆನೆಸ್ಕೊಂಡಿರ್ಬೇಕು. ನನ್ನ ಗಂಡ ಹೋದಾಗ ನಾನು ಇಲ್ಲಿಗೇ ಬಂದೆ. ಊರಿಗೆ ಹೋದ್ರೆ ಇವನಿರ್ಲಿಲ್ಲ, ಕುವೈತಿನಲ್ಲಿ ಊರಿರ್ಲಿಲ್ಲ. ಇಲ್ಲಿ ಎರಡೂ ಒಂಚೂರು ಸಿಕ್ತು.”

“ಈಗ ಟಿಕೆಟ್ ಎಂತ ಮಾಡ್ತೀರಿ?” ಲಿಲ್ಲಿಬಾಯಿ ಕೇಳಿದರು.

“ರಜೆಗೆ ಹೋಗಿ ಬಂದ್ರೆ ಆಯ್ತಲ್ಲ.” ನನ್ನ ಬಾಯಿಂದ ತಾನಾಗಿ ಬಂತು.

ಈಗ ಪ್ರತಿ ಬೇಸಿಗೆ ಊರಿಗೆ ಹೋಗುತ್ತೇನೆ. ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಅವರ ಸಮಾಧಿಯ ಮೇಲಿಡುತ್ತೇನೆ. ಏಳುವಾಗ “ಹೋಗಿ ಬರ್ತೀನಿ” ಅಂದರೆ ಅತ್ತಿಗೆ ಗದರುತ್ತಾರೆ: “ಇಲ್ಲಿ ಹಂಗನ್ನಬಾರ್ದವ್ವ!” ಬರುವುದು ನಿಜವಾದ ಮೇಲೆ ಅನ್ನದೆ ಹೇಗಿರಲಿ? ಊರಿಗೆ ಹೊರಡುವ ಮುನ್ನ ಕುವೈತಿನ ರಿಗ್ಗೈಯಲ್ಲಿ ನನ್ನ ಮನೆಯ ಬಾಗಿಲಿಗೆ ಬೀಗ ಹಾಕುತ್ತಾ ಎಲೆನಿಗೂ ಅದನ್ನೇ ಅಂದಿರುತ್ತೇನೆ.