ನಮ್ಮತ್ತೆ ಬೆಟ್ಟ ಹತ್ತಿದ ದೀಪಾವಳಿ

ದೀಪಾವಳಿ ಇನ್ನೂ ದೂರವಿರುವಾಗಲೇ ನಮ್ಮ ಬೀದಿಯಲ್ಲಿ ಯಾರಾದರೊಬ್ಬರು ಪಟಾಕಿ ಹಚ್ಚಿಬಿಡುತ್ತಾರೆ. ನಿನ್ನೆ ಸಂಜೆಯೂ ಹಚ್ಚಿದರು. ಸುಟ್ಟ ಮದ್ದಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ನಿಮಗೆ ಆ ವಾಸನೆಯಲ್ಲಿ ಹೋಳಿಗೆಯೋ ಹೊಸ ಬಟ್ಟೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಹರಳೆಣ್ಣೆಯಲ್ಲಿ ಅದ್ದಿದ ಹತ್ತಿ, ಮತ್ತು ಅದನ್ನು ನಾಯಿಯ ಕಿವಿಗೆ ಇಡುತ್ತಿದ್ದ ನಮ್ಮತ್ತೆ.

ನಾನು ಪಾವಗಡದ ಕಡೆಯವಳು. ಅರವತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಮಧುಗಿರಿಗೆ ಬಂದೆ. ನನ್ನ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಎದೆಯಲ್ಲಿ ಮಾತ್ರ ಪೂರ್ತಿ ನಾಯಿಯ ಭಯ. ಬಂದು ಸೇರಿದ ಮನೆಯಲ್ಲೋ ಸಿಪಾಯಿ ಅನ್ನುವ ಕಂದು ನಾಯಿ, ಎರಡು ಬೆಕ್ಕು, ರೆಕ್ಕೆ ಮುರಿದುಕೊಂಡು ಬಂದು ಇಲ್ಲೇ ಉಳಿದ ಒಂದು ಗೊರವಂಕ. ಗಂಡನ ಮನೆಗೆ ಬಂದೆನೋ ದೊಡ್ಡಿಗೆ ಬಂದೆನೋ ಎಂದು ಮೊದಲ ವಾರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಿದ್ದೆ. ಸಿಪಾಯಿ ಎದುರಿಗೆ ಕೂತು ತಲೆ ಓರೆ ಮಾಡಿ ನೋಡುತ್ತಿತ್ತು. ಅದರಿಂದ ಅಳು ಇನ್ನೂ ಹೆಚ್ಚಾಗುತ್ತಿತ್ತು.

ಅತ್ತೆ ಸ್ಥೂಲ ಕಾಯದವರು. ಮಾವ ತೀರಿಹೋಗಿ ವರ್ಷಗಳಾಗಿದ್ದವು. ಮಂಡಿ ನೋವು, ಬೀದಿ ಬಾಗಿಲ ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿದು "ಶಿವನೇ" ಅನ್ನುತ್ತಿದ್ದರು. ಆದರೆ ಮಳೆ ನಿಂತು, ಹೊಲದಲ್ಲಿ ಕಡಲೆಕಾಯಿ ಕೀಳುವ ಕಾಲ ಬಂತೆಂದರೆ ಆ ಮಂಡಿ ಎಲ್ಲಿಗೋ ಹೋಗಿಬಿಡುತ್ತಿತ್ತು. ಹೊಲ ಖಾಲಿಯಾದಂತೆ ಇಲಿಗಳು ಮನೆ ಸೇರುತ್ತವೆ, ಇಲಿಗೆಂದು ಜನ ಪಾಷಾಣ ಇಡುತ್ತಾರೆ, ಅದನ್ನು ತಿಂದ ಇಲಿಯನ್ನು ಬೆಕ್ಕು ತಿನ್ನುತ್ತದೆ. ಅತ್ತೆ ಮನೆಮನೆಗೆ ಹೋಗಿ, "ಎಲ್ಲಿಕ್ಕಿದ್ದೀಯ ತೋರ್ಸು ಕಣಮ್ಮ" ಎಂದು ನೋಡಿಬರುತ್ತಿದ್ದರು. ಇಟ್ಟ ಮನೆಯ ಕಡೆ ಬೆಕ್ಕುಗಳು ಸುಳಿಯದಂತೆ ಅವನ್ನು ಬುಟ್ಟಿ ಮುಚ್ಚಿ ಸಾಕುತ್ತಿದ್ದರು. ಇಬ್ಬನಿ ಬೀಳುವ ಹೊತ್ತಿಗೆ ಗೊರವಂಕದ ಪಂಜರ ಒಲೆಯ ಬಳಿಗೆ. ಇನ್ನು ದೀಪಾವಳಿಗೆ ಸಿಪಾಯಿ ಕತ್ತಲೆ ಕೋಣೆಗೆ. ಕೊರಳಿಗೆ ಹಗ್ಗ, ಕಿವಿಗೆ ಹತ್ತಿ, ಮೈಮೇಲೆ ಕಂಬಳಿ. "ಮೂರು ದಿನ ತಡ್ಕೋ ಮಗಾ. ಮನುಷ್ಯರಿಗೆ ಸಂತೋಷ ಬಂದೈತೆ" ಎಂದು ಅದಕ್ಕೆ ಸಮಾಧಾನ ಹೇಳುತ್ತಿದ್ದರು.

ನಾನು ಬಂದ ವರ್ಷ ಈ ಏರ್ಪಾಡು ಕೈಕೊಟ್ಟಿತು. ಬೀದಿಯವರು ಹಚ್ಚಿದ ಸರಪಟಾಕಿ ಉರುಳಿಕೊಂಡು ಬಂದು ಸರಿಯಾಗಿ ಆ ಕೋಣೆಯ ಕಿಟಕಿಯ ಕೆಳಗೇ ಸಿಡಿಯಿತು. ಸಿಪಾಯಿ ಹಗ್ಗ ಹರಿದುಕೊಂಡು, ನನ್ನನ್ನೂ ನನ್ನ ಕೈಯಲ್ಲಿದ್ದ ಹಣತೆಯ ತಟ್ಟೆಯನ್ನೂ ಕೆಡವಿ, ಬಾಗಿಲು ದಾಟಿ ಹೋಯಿತು.

ಹಬ್ಬ ಮುಗಿಯಿತು. ನನ್ನ ಗಂಡ ಊರೆಲ್ಲ ಹುಡುಕಿ ಸೋತು, ಕೊರಟಗೆರೆಯ ಶಾಲೆಯ ಕೆಲಸಕ್ಕೆ ಹಿಂತಿರುಗಿದರು. ಅತ್ತೆ ಊಟ ಬಿಟ್ಟಿರಲಿಲ್ಲ, ಆದರೆ ಮಾತು ಬಿಟ್ಟಿದ್ದರು. ಆಮೇಲೊಂದು ಬೆಳಿಗ್ಗೆ ಕುರಿ ಮೇಯಿಸುವವನೊಬ್ಬ ಬಂದು, "ಅಮ್ಮೋ, ಬೆಟ್ಟದ ಮೇಲೆ ಒಂದು ದೊಣೇಲಿ ನಾಯಿ ಊಳಿಡ್ತೈತೆ. ಕರಡಿ ಓಡಾಡೋ ಜಾಗ, ನಾ ಹತ್ರ ಹೋಗ್ನಿಲ್ಲ" ಅಂದ.

ಮಧುಗಿರಿ ಬೆಟ್ಟವನ್ನು ನೀವು ನೋಡಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಬೆಟ್ಟವೆಂದರೆ ಒಂದೇ ಕಲ್ಲು. ಊರಿನ ಮೇಲೆ ಎದ್ದು ನಿಂತು ಅರ್ಧ ಆಕಾಶವನ್ನು ತಾನೇ ಇಟ್ಟುಕೊಂಡಿರುವ ಕಲ್ಲು. ಅದರ ಮೈಮೇಲೆ ಹಳೆಯ ಕೋಟೆ. ಹತ್ತುವುದಕ್ಕೆ ಬಂಡೆಯಲ್ಲಿ ಕೊರೆದ ಪಾವಟಿಗೆಗಳು. ಮಳೆಗಾಲ ಮುಗಿದ ಹೊಸದರಲ್ಲಿ ಅವುಗಳ ಮೇಲೆ ಪಾಚಿ.

ಅತ್ತೆ ಎದ್ದು ಸೀರೆಯನ್ನು ಕಚ್ಚೆ ಹಾಕಿ ಕಟ್ಟಿದರು.

"ಅತ್ತೇ, ನಿಮ್ಮ ಮಂಡಿ?" ಅಂದೆ.

"ಅದೂ ಬತ್ತದೆ ಬುಡು."

ಪಕ್ಕದ ಮನೆಯ ಖಾದರ್ ಸಾಬರು ಶಿರಾದಿಂದ ಕಂಬಳಿ ತಂದು ಮಾರುತ್ತಿದ್ದವರು. ಸುದ್ದಿ ಕೇಳಿ ಎರಡು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರು. "ಅಕ್ಕಾ, ನೀವು ಕೆಳಗೇ ಇರಿ, ನಾನು ತರ್ತೀನಿ" ಅಂದರು.

"ನಿನ್ನ ಕಂಡ್ರೆ ಅದು ಬರಾಕಿಲ್ಲ ಸಾಬಣ್ಣ. ಹೆದರಿರೋ ಪ್ರಾಣಿ."

ಹೊಸ ಸೊಸೆ ಮನೆಯಲ್ಲಿ ಕೂರುವುದು ಹೇಗೆ? ನಾನೂ ಹಿಂದೆ ಹೊರಟೆ. ನಾಲ್ಕು ಕಾಲಿನಲ್ಲಿ ಹತ್ತಿದೆ ಅಂದರೆ ಸುಳ್ಳಲ್ಲ. ಅರ್ಧ ದಾರಿಯಲ್ಲಿ ಬಂಡೆಗೆ ಅಂಟಿಕೊಂಡು "ದೇವುಡಾ, ದೇವುಡಾ" ಎಂದು ತೆಲುಗಿನಲ್ಲಿ ಕೂಗಿಕೊಂಡೆ. ಮೇಲಿನಿಂದ ಅತ್ತೆ, "ಕೆಳೀಕೆ ನೋಡ್ಬ್ಯಾಡ ಕಣಮ್ಮ, ನನ್ನ ಕಾಲು ನೋಡು" ಅಂದರು. ನೋಡಿದೆ. ಊದಿಕೊಂಡ ಆ ಪಾದಗಳು ಒಂದೊಂದು ಗುಳಿಯನ್ನೂ ಬೆರಳಿನಿಂದ ತಡವಿ, ಒತ್ತಿ, ಆಮೇಲೆ ಭಾರ ಹಾಕುತ್ತಿದ್ದವು. ಒಮ್ಮೆಯೂ ಜಾರಲಿಲ್ಲ.

ದೊಣೆ ಎಂದರೆ ಕಲ್ಲಿನಲ್ಲೇ ಆದ ನೀರಿನ ಗುಂಡಿ, ಬೆಟ್ಟದ ಒಂದು ಮಗ್ಗುಲಿನಲ್ಲಿತ್ತು. ಮಳೆ ನೀರು ತುಂಬಿ ಕಪ್ಪಗೆ ಕಾಣುತ್ತಿತ್ತು. ಸುತ್ತಲೂ ನುಣುಪಾದ ಇಳಿಜಾರು. ನೀರಿನಂಚಿನ ಒಂದು ಸಣ್ಣ ಚಾಚಿನ ಮೇಲೆ ಸಿಪಾಯಿ ನಡುಗುತ್ತಾ ನಿಂತಿತ್ತು. ಮೇಲೆ ಬರಲು ಯತ್ನಿಸಿ ಯತ್ನಿಸಿ ಉಗುರುಗಳಿಂದ ರಕ್ತ ಬಂದಿತ್ತು. ನಮ್ಮನ್ನು ಕಂಡು ಬಾಲ ಆಡಿಸಲಿಲ್ಲ. ಹಲ್ಲು ತೋರಿಸಿತು.

ಸಾಬರು ಎರಡೂ ಕಂಬಳಿಗಳನ್ನು ಗಂಟು ಹಾಕಿ, ಒಂದು ತುದಿಯನ್ನು ಕೋಟೆಯ ಕಲ್ಲಿಗೆ ಬಿಗಿದು ಇಳಿಬಿಟ್ಟರು. ಅತ್ತೆ ಅದನ್ನು ಹಿಡಿದು, ಕೂತಲ್ಲಿಂದಲೇ ಜಾರಿಕೊಂಡು ಇಳಿದರು. ಕೈ ಚಾಚಿದರು. ಸಿಪಾಯಿ ಆ ಕೈಯನ್ನು ಬಾಯಲ್ಲಿ ಕಚ್ಚಿ ಹಿಡಿಯಿತು.

ನಾನು ಕಿರುಚಿದೆ. ಸಾಬರು "ಯಾ ಅಲ್ಲಾ!" ಅಂದರು. ಅತ್ತೆ ಕೈ ಎಳೆದುಕೊಳ್ಳಲಿಲ್ಲ.

"ಕಚ್ಚು ಮಗಾ, ಕಚ್ಚು. ನಿನ್ನ ಹೆದ್ರಿಕೆ ಎಲ್ಲಾ ಮುಗೀಲಿ. ಆಮ್ಯಾಕೆ ಮನೀಗ್ ಹೋಗನ."

ತೊಟ್ಟಿಲಿನ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದರು. ಎಷ್ಟು ಹೊತ್ತೋ ಗೊತ್ತಿಲ್ಲ. ನಿಧಾನವಾಗಿ ನಾಯಿಯ ದವಡೆ ಸಡಿಲವಾಯಿತು. ಕೈಮೇಲೆ ಹಲ್ಲಿನ ಗುರುತು ಮೂಡಿತ್ತು, ಚರ್ಮ ಹರಿದಿರಲಿಲ್ಲ. ಸಿಪಾಯಿ ಅದೇ ಕೈಯನ್ನು ನೆಕ್ಕಿ, ಅವರ ತೊಡೆಯ ಮೇಲೆ ತಲೆಯಿಟ್ಟು ಮಕ್ಕಳಂತೆ ಕುಂಯ್‌ಗುಟ್ಟಿತು. ಅತ್ತೆ ಅದನ್ನು ಸೆರಗಿನಲ್ಲಿ ಬೆನ್ನಿಗೆ ಕಟ್ಟಿಕೊಂಡರು. ಸಾಬರು ಎಳೆದರು. ಜೊತೆಗೆ ನಾನೂ ಎಳೆದೆ. ಮೇಲೆ ಬಂದ ನಾಯಿ ನನ್ನ ಮಡಿಲಿಗೇ ಕುಸಿದಾಗ ಹೆದರಬೇಕೆಂಬುದೇ ನನಗೆ ನೆನಪಾಗಲಿಲ್ಲ.

ಆಮೇಲೆ ಎದ್ದು ಸುತ್ತ ನೋಡಿದೆವು. ಆ ಹೊತ್ತನ್ನು ನಿಮಗೆ ಹೇಗೆ ಹೇಳಲಿ! ತೊಳೆದಿಟ್ಟಂಥ ಆಕಾಶ. ಕೆಳಗೆ ತೆನೆ ತುಂಬಿದ ರಾಗಿ ಹೊಲಗಳು, ತುಂಬಿದ ಕೆರೆಗಳು ಒಂದರ ಹಿಂದೊಂದು ಹೊಳೆಯುತ್ತಿದ್ದವು. ಕೊರಟಗೆರೆ ಕಡೆಯ ಬೆಟ್ಟಗಳು ನೀಲಿಯಾಗಿ ಕೂತಿದ್ದವು. ನಮ್ಮ ಮನೆ ಯಾವುದೆಂದು ತಿಳಿಯಲಿಲ್ಲ. ಅತ್ತೆ ಈ ಬೆಟ್ಟದ ಬುಡದಲ್ಲಿ ಇಡೀ ಸಂಸಾರ ಕಳೆದವರು, ಒಮ್ಮೆಯೂ ಹತ್ತಿದವರಲ್ಲ. ನೋಡುತ್ತಾ ನಿಂತರು. ಕಣ್ಣು ತುಂಬಿತ್ತು.

"ಇಷ್ಟೊಂದು ಐತಾ ಸಾಬಣ್ಣ, ನಾವಿರೋ ಜಾಗ?" ಅಂದರು.

ಸಾಬರು ಟೋಪಿ ಸರಿಮಾಡಿಕೊಂಡು, "ಅವನು ಮಾಡಿಟ್ಟಿದ್ದಾನೆ ಅಕ್ಕಾ. ನಾವು ತಲೆ ಎತ್ತಿ ನೋಡಲ್ಲ, ಅಷ್ಟೆ" ಅಂದರು.

ನಾವು ಕೆಳಗಿಳಿಯುವಷ್ಟರಲ್ಲಿ ಬೀದಿಯವರೆಲ್ಲ ಬುಡದಲ್ಲಿ ಸೇರಿದ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಮರುವರ್ಷದಿಂದ ನಮ್ಮ ಬೀದಿಯ ಪಟಾಕಿಗಳೆಲ್ಲ ಕೆರೆಯ ಏರಿಗೆ ಹೋದವು. ಹೇಳಿದವರು ಯಾರೂ ಇಲ್ಲ, ತಾವಾಗಿಯೇ ಹೋದವು. ಅತ್ತೆ ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಸಿಪಾಯಿ ಆ ಹಾಸಿಗೆ ಬಿಟ್ಟು ಅಲುಗಲಿಲ್ಲ. ಇಬ್ಬರಿಗೂ ನಾನೇ ಗಂಜಿ ಕುಡಿಸಿದೆ.

ಹೋದ ವರ್ಷ ಮಧುಗಿರಿಗೆ ಹೋಗಿದ್ದೆ. ಈಗ ಹತ್ತುವವರಿಗೆ ಹಿಡಿದುಕೊಳ್ಳಲು ಕಂಬಿಗಳಿವೆ. ಆದರೂ ಕೋಟೆಯ ಮೊದಲ ಬಾಗಿಲಲ್ಲೇ ನನ್ನ ಉಸಿರು ಮುಗಿಯಿತು. ಅಲ್ಲೇ ಕೂತು ತಲೆಯೆತ್ತಿ ನೋಡುತ್ತಿದ್ದೆ. ಇಳಿದು ಬರುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ನೀರು ಕೊಟ್ಟು, "ಅಜ್ಜಿ, ಈ ಕೋಟೆ ಗೆದ್ದವರು ಯಾರು ಗೊತ್ತಾ?" ಎಂದಳು. ಪಾಠದ ಉತ್ತರ ಅವಳಿಗೆ ಗೊತ್ತಿತ್ತು, ಹೇಳುವ ಆಸೆಯೂ ಇತ್ತು.

"ಗೊತ್ತಮ್ಮ," ಅಂದೆ, "ಅವರ ಸೊಸೆ ನಾನು."