ಮೈಕಿನವನು ಸುಮ್ಮನೆ ಕೂತದ್ದು

ನಮ್ಮ ಮೈಕಿನವನನ್ನು ಅಂಗಡಿಯ ಮುಂದೆ ಮಾರಾಟಕ್ಕಿಟ್ಟರೆ ಗಿರಾಕಿ ಮುಟ್ಟಿಯೂ ನೋಡಲಾರ. ಸ್ಪೀಕರ್ ಪೆಟ್ಟಿಗೆ ಹೊತ್ತು ಹೊತ್ತು ಎಡಭುಜ ಇಳಿದಿದೆ, ಮೀಸೆ ಅರ್ಧ ನರೆತಿದೆ, ಮೇಲ್ನೋಟಕ್ಕೆ ಉಳಿದುಹೋದ ಮಾಲು. ಆದರೆ ಬೆಲೆ ಕಟ್ಟುವವನು ಕಿವಿಯನ್ನೂ ತೂಗಬೇಕು. ಕುರ್ಚಿ, ಶಾಮಿಯಾನ, ಮೈಕು ಬಾಡಿಗೆಗೆ ಕೊಡುವ ನಮ್ಮ ಅಂಗಡಿಯಲ್ಲಿ ಅಂಥ ಕಿವಿ ಇನ್ನೊಂದಿಲ್ಲ. ಭಾಷಣಕಾರ ಉಗುಳು ನುಂಗಿದರೂ ಅವನಿಗೆ ಗೊತ್ತಾಗುತ್ತದೆ. ಏನು ಹೇಳಿದರು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾನೆ. ಅವನು ಕಲಿತ ಪಾಠ ಒಂದೇ: ಸಭೆಯಲ್ಲಿ ಸದ್ದು ನಿಂತರೆ ತಪ್ಪು ಮೈಕಿನವನದು.

ಅವನ ಮಗಳು ಜ್ವರ ಬಂದು ತೀರಿಕೊಂಡಳು. ಅಂದಿನಿಂದ ಹೆಂಡತಿ ಮಾತು ಬಿಟ್ಟಳು. ಅಡುಗೆ ಮಾಡುವಳು, ಬಟ್ಟೆ ಮಡಿಸುವಳು, ಬಾಯಿ ಮಾತ್ರ ತೆರೆಯಳು. ಬಂದವರೆಲ್ಲ ಸಮಾಧಾನದ ಮೂಟೆ ಬಿಚ್ಚಿದರು. ಮನಸ್ಸು ಗಟ್ಟಿ ಮಾಡಿಕೋ ಎಂದರು, ಇರುವವರನ್ನು ನೋಡು ಎಂದರು. ಅವನೂ ಏನಾದರೂ ಹೇಳೆಂದು ದಿನವೂ ಪೀಡಿಸಿದ. ಅವನ ಕಣ್ಣಲ್ಲಿ ನೀರೇ ಬಂದಿರಲಿಲ್ಲ. ಒತ್ತಿ ಮಲಗಿದ ಕೈಯ ಹಾಗೆ ಒಳಗೆಲ್ಲ ಮರಗಟ್ಟಿತ್ತು.

ಕೊನೆಗೆ ಭಾವಮೈದ ಗಡುವು ಹಾಕಿದ.

“ಭಾವ, ಭಾನುವಾರದೊಳಗೆ ಅಕ್ಕ ಬಾಯಿ ಬಿಡದಿದ್ರೆ ನಾನು ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ಊರಿಗೆಲ್ಲ ದನಿ ಕೊಡೋರು ನೀವು, ಮನೇಲಿ ಒಂದು ಮಾತು ಹುಟ್ಟಿಸೋಕಾಗಲಿಲ್ಲ.”

ಅವಳೂ ಹೋದರೆ ಆ ಮನೆ ಬರೀ ಗೋದಾಮು. ಅದು ಅವನಿಗೆ ತಿಳಿದಿತ್ತು. 

ಆ ತಿಂಗಳು ವಿಶ್ವವಿದ್ಯಾಲಯದಲ್ಲಿ ಯಹೂದಿಗಳ ಇತಿಹಾಸ, ಸಾಹಿತ್ಯ, ಚಿಂತನೆಯ ಮೇಲೆ ಸಾರ್ವಜನಿಕ ಉಪನ್ಯಾಸಗಳಿದ್ದವು. ಸಂಜೆ ಸಂಜೆ ಇವನು ಸಭಾಂಗಣದ ಮೂಲೆಯಲ್ಲಿ ದನಿ ಏರಿಸಿ ಇಳಿಸುವ ಗುಂಡಿಗಳ ಮುಂದೆ ಕೂರುತ್ತಿದ್ದ. ಕೆಡವಿದ ದೇಗುಲ, ಊರು ಬಿಟ್ಟ ಜನ, ಒಂದು ಸಾಲಿನ ಅರ್ಥಕ್ಕೆ ತಲೆತಲಾಂತರ ಜಗಳವಾಡಿದ ಪಂಡಿತರು, ಎಲ್ಲವೂ ಅವನ ಒಂದು ಕಿವಿಯಿಂದ ಸ್ಪೀಕರಿಗೆ ಸಲೀಸಾಗಿ ದಾಟಿಹೋದವು.

ಶುಕ್ರವಾರ ಮಾತಾಡಿದವರು ವಯಸ್ಸಾದ ಪ್ರೊಫೆಸರಮ್ಮ. ಸಾವಾದ ಮನೆಗೆ ಹೋದವರು ತಾವಾಗಿ ಬಾಯಿ ಬಿಡಬಾರದು ಎಂಬುದು ಯಹೂದಿಗಳಲ್ಲಿ ಹಳೆಯ ಪದ್ಧತಿ ಎಂದರು. ದುಃಖದಲ್ಲಿರುವವರು ಮೊದಲು ಮಾತಾಡಬೇಕು. ಅವರು ಆಡದಿದ್ದರೆ ಜೊತೆಗೆ ಕೂತು ಎದ್ದು ಬರಬೇಕು. ಹಾಗೆ ಕೂರುವುದು ಎಷ್ಟು ಕಷ್ಟ, ನೋಡೋಣ ಎಂದು ಅವರೂ ಸುಮ್ಮನಾದರು.

ಸದ್ದು ನಿಂತಿತು. ಮೈಕಿನವನು ವೈರು ಕೈಕೊಟ್ಟಿತೆಂದುಕೊಂಡು ಗುಂಡಿ ತಿರುಗಿಸಿದ, ಇನ್ನೂ ತಿರುಗಿಸಿದ. ಸ್ಪೀಕರು ಕೀಂಯ್ ಎಂದು ಕಿರುಚಿತು. ಸಭೆಯೆಲ್ಲ ಕಿವಿ ಮುಚ್ಚಿಕೊಂಡು ನಕ್ಕಿತು.

ಪ್ರೊಫೆಸರಮ್ಮ ನಗಲಿಲ್ಲ. “ಮೈಕು ಸರಿಯಾಗೇ ಇದೆಯಪ್ಪ. ಸುಮ್ಮನಾಗಿದ್ದು ನಾನು,” ಎಂದರು.

ಅವನು ಗುಂಡಿ ಇಳಿಸಿದ. ಬಹುಶಃ ಅಂದೇ ಮೊದಲ ಸಲ, ಭಾಷಣದಲ್ಲಿ ಏನು ಹೇಳಿದರೆಂಬುದು ಅವನ ತಲೆಯಲ್ಲಿ ಉಳಿಯಿತು. ಮನೆಗೆ ಹೋಗಿ ಹೆಂಡತಿಯ ಪಕ್ಕ ನೆಲದ ಮೇಲೆ ಕೂತ. ಏನನ್ನೂ ಕೇಳಲಿಲ್ಲ. ಮರುದಿನವೂ ಅಷ್ಟೇ.

ಭಾನುವಾರ ಭಾವಮೈದ ಅಕ್ಕನ ಬಟ್ಟೆಗೆಂದು ಖಾಲಿ ಚೀಲ ಹಿಡಿದೇ ಬಂದ. ಬಾಗಿಲಲ್ಲೇ ಉಪದೇಶ ಶುರುವಾಯಿತು. ಮೈಕಿನವನು ಅವನ ತೋಳು ಹಿಡಿದು ಕೆಳಗೆ ಕೂರಿಸಿದ.

“ಇದೇನು ಭಾವ, ಮೌನವ್ರತಾನಾ?”

“ಅವಳು ಆಡೋ ತನಕ ನಾವು ಆಡೋ ಹಾಗಿಲ್ಲ.”

“ಆಡದೇ ಇದ್ರೆ?”

“ಕೂತಿರೋದು.”

ಮೂವರೂ ಕೂತರು. ಅಭ್ಯಾಸಬಲ ನೋಡಿ, ಸದ್ದಿಲ್ಲದ್ದು ತಡೆಯಲಾಗದೆ ಮೈಕಿನವನ ಬೆರಳು ತೊಡೆಯ ಮೇಲೆ ಇಲ್ಲದ ಗುಂಡಿ ತಿರುಗಿಸುತ್ತಿತ್ತು. ಹೆಂಡತಿ ಅದನ್ನೇ ನೋಡಿದಳು. ಆಮೇಲೆ ಆ ಬೆರಳು ಹಿಡಿದು ನಿಲ್ಲಿಸಿದಳು.

“ಅವಳ ಚಪ್ಪಲಿ ಇನ್ನೂ ಬಾಗಿಲ ಹಿಂದೇನೇ ಇದೆ,” ಎಂದಳು.

ಭಾವಮೈದ ಬಾಯಿ ತೆರೆಯಲಿದ್ದ; ಮೈಕಿನವನು ಅವನ ಮೊಣಕಾಲು ಒತ್ತಿದ.

“ಅಲ್ಲೇ ಇರಲಿ. ನಾನೂ ಎಲ್ಲಿಗೂ ಬರಲ್ಲ ಕಣೋ,” ಎಂದಳು ತಮ್ಮನಿಗೆ.

ಚೀಲ ಖಾಲಿಯಾಗಿಯೇ ಹಿಂದಿರುಗಿತು. ಮೈಕಿನವನಿಗೆ ಆಗಲೂ ಅಳು ಬರಲಿಲ್ಲ, ಸಂತೋಷವೂ ಆಗಲಿಲ್ಲ. ಅವಳು ಬಡಿಸಿದ್ದನ್ನು ಉಂಡು ವೈರು ಸುತ್ತಿಡಲು ಹೋದ.

ಹೋದ ವರ್ಷ ನಮ್ಮಣ್ಣ ತೀರಿಕೊಂಡಾಗ ಅವನು ಬಂದು ಪಕ್ಕದಲ್ಲಿ ಕೂತ. ನಾನು ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ. ಹಾಗೆ ಕೂತದ್ದಕ್ಕೆ ನಾನು ಅವನಿಗೆ ಋಣಿ.